ತೊದಲುವ ಕೈಗಳು

ಎಳೆಗೂಸಿಗೆ ಸಂಜ್ಞೆ ಕಲಿಸಿದರೆ ಮಾತು ತಡವಾಗುವುದಿಲ್ಲವೇ ಎಂದು ಕೇಳುವವರು ಮೊದಲಿನಿಂದಲೂ ಇದ್ದಾರೆ. ಸಂಜ್ಞೆ ಕಲಿಸಿದರೆ ಮಗು ಬಹಳ ಚುರುಕಾಗುತ್ತದಂತಲ್ಲ, ನಿಜವೇ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಎರಡಕ್ಕೂ ನನ್ನ ಉತ್ತರ ‘ಇಲ್ಲ’ ಎಂದೇ. ಮಾತು ತಡವೂ ಆಗುವುದಿಲ್ಲ, ಅದೊಂದರಿಂದಲೇ ಮಗು ಮೇಧಾವಿಯೂ ಆಗುವುದಿಲ್ಲ. ಆದರೂ ಕಲಿಸಿ ಎಂದೇ ಹೇಳುತ್ತೇನೆ. ಅದು ಏಕೆ ಎಂಬುದು ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ.

ನನ್ನ ಅಪ್ಪ ಅಮ್ಮ ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ನನಗೆ ಕೇಳಿಸುತ್ತದೆ. ಮನೆಯೊಳಗೆ ಕೈಮಾತು, ಹೊರಗೆ ಬಾಯಿಮಾತು ಎಂದು ಎರಡು ಭಾಷೆಗಳ ನಡುವೆ ಬೆಳೆದವಳು ನಾನು. ಮಗಳು ಹುಟ್ಟಿದಾಗ ಅವಳಿಗೆ ಸಂಜ್ಞೆ ಕಲಿಸಬೇಕೇ ಬೇಡವೇ ಎಂಬ ಯೋಚನೆಗೆ ನಮ್ಮಲ್ಲಿ ಜಾಗವೇ ಇರಲಿಲ್ಲ. ಅಜ್ಜಿ ತಾತ ಮೊಮ್ಮಗಳನ್ನು ಮಾತನಾಡಿಸಬೇಕಲ್ಲ! ಅವರು ತಮ್ಮ ಭಾಷೆಯಲ್ಲಿ ಮಾತನಾಡಿಸಿದರು, ಮಗು ಕಲಿಯಿತು. ನಾನು ಎಷ್ಟೇ ಸಂಜ್ಞೆ ಬಲ್ಲವಳಾದರೂ ಒಂದು ಕೂಸಿನ ಜೊತೆ ಕೈಯಲ್ಲಿ ಹೇಗೆ ಮಾತನಾಡಬೇಕು ಎಂಬುದನ್ನು ಹತ್ತಿರದಿಂದ ನೋಡಿದ್ದು ಆಗಲೇ, ಅಮ್ಮನ ಪಕ್ಕದಲ್ಲಿ ಕುಳಿತು.

ಅಮ್ಮ ಮಗುವನ್ನು ಎಂದೂ ಹಿಂದಿನಿಂದ ಕರೆಯುತ್ತಿರಲಿಲ್ಲ. ಕರೆಯಲು ದನಿ ಇಲ್ಲವೆಂಬುದಷ್ಟೇ ಕಾರಣವಲ್ಲ. ಅವಳ ಮಟ್ಟಿಗೆ, ಕಣ್ಣು ಸೇರದೆ ಮಾತು ಶುರುವಾಗುವುದೇ ಇಲ್ಲ. ಮಗುವಿನ ಮುಂದೆ ಬಂದು ಕುಳಿತು ಮೊಣಕಾಲ ಮೇಲೆ ಎರಡು ಬಾರಿ ಮೆಲ್ಲಗೆ ತಟ್ಟುತ್ತಿದ್ದಳು. ಮಗು ಚೆಂಡನ್ನು ನೋಡುತ್ತಿದ್ದರೆ ಅದನ್ನು ಕಿತ್ತುಕೊಳ್ಳುತ್ತಿರಲಿಲ್ಲ, ಗಲ್ಲ ಹಿಡಿದು ತಿರುಗಿಸುತ್ತಿರಲಿಲ್ಲ; ಕಾಯುತ್ತಿದ್ದಳು. ಚೆಂಡನ್ನು ತಿರುಗಿಸಿ ಮುರುಗಿಸಿ ನೋಡಿದ ಮೇಲೆ ಮಗು ತಾನಾಗಿಯೇ ತಲೆ ಎತ್ತುತ್ತಿತ್ತು. ಆ ಕ್ಷಣಕ್ಕೆ ಅಮ್ಮನ ಕೈ ಚೆಂಡಿನ ಹತ್ತಿರವೇ, ತನ್ನ ಮುಖದ ಕೆಳಗೆ, ಸಿದ್ಧವಾಗಿರುತ್ತಿತ್ತು. ಮುಖ, ಕೈ, ಚೆಂಡು ಮೂರೂ ಒಂದೇ ಗೆರೆಯಲ್ಲಿ. ಮಗು ಕತ್ತು ಹೊರಳಿಸದೆ ಮೂರನ್ನೂ ನೋಡಬಹುದಿತ್ತು. ಸಂಜ್ಞೆಯೂ ದೊಡ್ಡವರ ಜೊತೆ ಮಾಡುವಂಥದ್ದಲ್ಲ: ನಿಧಾನ, ದೊಡ್ಡದು, ಮತ್ತೆ ಮತ್ತೆ. ಕೆಲವೊಮ್ಮೆ ತನ್ನ ಮೈಮೇಲೆ ಮಾಡಬೇಕಾದ ಸಂಜ್ಞೆಯನ್ನು ಮಗುವಿನ ಕೆನ್ನೆಯ ಮೇಲೋ ಎದೆಯ ಮೇಲೋ ಮಾಡುತ್ತಿದ್ದಳು. ಮಗುವಿಗೆ ಅದು ಕಾಣುವುದರ ಜೊತೆಗೆ ಮೈಗೂ ತಾಕುತ್ತಿತ್ತು.

ಇದು ಅಮ್ಮನೊಬ್ಬಳ ಜಾಣತನ ಎಂದುಕೊಂಡಿದ್ದೆ. ಕಿವಿ ಕೇಳದ ತಾಯಂದಿರನ್ನು ಗಮನಿಸಿದ ಸಂಶೋಧಕರು ಇವನ್ನೆಲ್ಲ ಬೇರೆ ಬೇರೆ ದೇಶಗಳಲ್ಲಿ ದಾಖಲಿಸಿದ್ದಾರೆ ಎಂಬುದು ಆಮೇಲೆ ಓದಿ ತಿಳಿಯಿತು. ನಾವು ಕೂಸಿನ ಮುಂದೆ ದನಿಯನ್ನು ಏರಿಸಿ, ಎಳೆದು, ರಾಗವಾಗಿ ಮಾತನಾಡುತ್ತೇವಲ್ಲ, ಅದನ್ನೇ ಅವರು ಕೈಯಲ್ಲಿ ಮಾಡುತ್ತಾರೆ. ಅದನ್ನು ಯಾವ ತರಬೇತಿಯೂ ಅವರಿಗೆ ಹೇಳಿಕೊಟ್ಟಿದ್ದಲ್ಲ.

ಮಗಳಿಗೆ ಅಪ್ಪ ಒಂದು ಸಂಜ್ಞೆ-ಹೆಸರನ್ನೂ ಇಟ್ಟರು. ಕಿವುಡರಲ್ಲಿ ಹೆಸರನ್ನು ಅಕ್ಷರ ಅಕ್ಷರವಾಗಿ ಬೆರಳಲ್ಲಿ ಬರೆಯುವುದು ದಿನನಿತ್ಯಕ್ಕೆ ಆಗುವ ಮಾತಲ್ಲ. ಒಬ್ಬೊಬ್ಬರಿಗೂ ಅವರದೇ ಒಂದು ಗುರುತು ಇರುತ್ತದೆ. ಅವಳ ಗಲ್ಲದ ನಡುವೆ ಒಂದು ಗುಳಿ ಇದೆ. ತೋರುಬೆರಳನ್ನು ಅಲ್ಲಿಗೆ ಒತ್ತಿ ಒಂದು ಸುತ್ತು ತಿರುಗಿಸಿದರೆ ಅದೇ ಅವಳು.

ಆರೇಳು ತಿಂಗಳಲ್ಲಿ ಮಕ್ಕಳು ಬಬಬಬ, ದದದದ ಎಂದು ತೊದಲುವುದು ಎಲ್ಲರಿಗೂ ಗೊತ್ತು. ಸಂಜ್ಞೆಯ ನಡುವೆ ಬೆಳೆಯುವ ಮಕ್ಕಳು ಕೈಯಲ್ಲೂ ತೊದಲುತ್ತಾರೆ. ಕೆನಡಾದ ಲಾರಾ ಪೆಟಿಟೊ ಮತ್ತು ಪೌಲಾ ಮರೆಂಟೆಟ್ 1991ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ತೋರಿಸಿದರು. ಎಲ್ಲ ಶಿಶುಗಳೂ ಕೈಕಾಲು ಆಡಿಸುತ್ತವೆ, ಅದು ಬೇರೆ. ಇದರಲ್ಲಿ ಒಂದು ಲಯ ಇರುತ್ತದೆ, ಒಂದೇ ಆಕಾರ ಮರಳಿ ಮರಳಿ ಬರುತ್ತದೆ, ಅದೂ ಸಂಜ್ಞಾ ಭಾಷೆಯಲ್ಲಿ ನಿಜವಾಗಿ ಬಳಕೆಯಾಗುವ ಆಕಾರವೇ, ಆದರೆ ಅರ್ಥವಿರುವುದಿಲ್ಲ. ಮಗಳು ಅಂಗಾತ ಮಲಗಿ ತನ್ನ ಕಣ್ಣ ಮುಂದೆಯೇ ಮುಷ್ಟಿ ತೆರೆದು, ಮುಚ್ಚಿ, ತೆರೆದು, ಮುಚ್ಚಿ, ಅದನ್ನೇ ನೋಡುತ್ತಾ ಇರುತ್ತಿದ್ದಳು. ಅಮ್ಮ ಅದನ್ನು ಕಂಡು ನನ್ನತ್ತ ತಿರುಗಿ, ‘ಹರಟೆ ಹೊಡೆಯುತ್ತಿದ್ದಾಳೆ’ ಎಂದು ಕೈಯಲ್ಲಿ ಹೇಳಿ ನಕ್ಕಳು.

ಮೊದಲ ಸಂಜ್ಞೆ ಯಾವಾಗ ಬಂತು ಎಂದು ಖಚಿತವಾಗಿ ಹೇಳುವುದು ಕಷ್ಟ. ಕೈ ಆಡಿಸಿದ್ದೆಲ್ಲ ಮಾತಲ್ಲ. ಎಂಟೂವರೆ ತಿಂಗಳಿಗೇ ಮಕ್ಕಳು ಸಂಜ್ಞೆ ಮಾಡುತ್ತಾರೆ ಎಂದು 1980ರ ದಶಕದ ವರದಿಗಳು ಹೇಳಿದ್ದವು. ಅವುಗಳಲ್ಲಿ ಅನುಕರಣೆ ಎಷ್ಟು, ಅರ್ಥವಿಟ್ಟು ಮಾಡಿದ್ದು ಎಷ್ಟು ಎಂದು ಮುಂದಿನವರು ಕೇಳಿದರು. ಆ ಪ್ರಶ್ನೆ ಸರಿಯಾದದ್ದೇ. ಹಾಲಿನ ಸಂಜ್ಞೆಯನ್ನು ನಮ್ಮ ಮಗು ಬಹಳ ಬೇಗ ಮಾಡಿತು, ಆದರೆ ಹಾಲು ಕಣ್ಣಿಗೆ ಬಿದ್ದಾಗ ಮಾತ್ರ. ಅದು ಕೈ ಚಾಚುವುದಕ್ಕಿಂತ ಹೆಚ್ಚೇನಲ್ಲ ಎನ್ನಬಹುದು.

‘ಬೆಳಕು’ ಹಾಗಲ್ಲ. ಕೋಣೆಯ ದೀಪ ಹಾಕುವಾಗಲೆಲ್ಲ ಅಪ್ಪ ಮೇಲೆತ್ತಿದ ಮುಷ್ಟಿಯನ್ನು ಕೆಳಮುಖವಾಗಿ ಬಿಡಿಸಿ ತೋರಿಸುತ್ತಿದ್ದರು. ಒಂದು ಸಂಜೆ ದೀಪ ಹಾಕಿರಲಿಲ್ಲ. ಕೋಣೆ ಮಸುಕಾಗುತ್ತಿತ್ತು. ಮಗು ಅಪ್ಪನ ತೊಡೆಯ ಮೇಲಿತ್ತು. ಅದು ಮೊದಲು ಅಪ್ಪನ ಮುಖ ನೋಡಿತು, ಆಮೇಲೆ ಉರಿಯದ ದೀಪದ ಕಡೆ ನೋಡಿತು, ಮತ್ತೆ ಮುಖ ನೋಡಿತು. ಬಲಗೈಯನ್ನು ಕಿವಿಯ ಎತ್ತರಕ್ಕೆ ಎತ್ತಿ ಮುಷ್ಟಿ ಬಿಡಿಸಿತು. ಐದು ಬೆರಳು ಬಿಡಿಸಿಕೊಳ್ಳಲೂ ಇಲ್ಲ, ಹೆಬ್ಬೆರಳು ಒಳಗೇ ಸಿಕ್ಕಿಕೊಂಡಿತ್ತು. ಆದರೆ ಅಲ್ಲಿ ಇಲ್ಲದ ಬೆಳಕಿನ ಬಗ್ಗೆ ಅದು ಮಾತನಾಡುತ್ತಿತ್ತು, ಇನ್ನೊಬ್ಬರಿಗೆ ಹೇಳುತ್ತಿತ್ತು. ಅಪ್ಪ ಎದ್ದು ದೀಪ ಹಾಕಿದ್ದು ಎಷ್ಟು ಹೊತ್ತಾದ ಮೇಲೋ. ಮೊದಲು ಅವರು ಮಗುವಿಗೆ ಉತ್ತರ ಕೊಟ್ಟರು: ‘ಹೌದು, ಬೆಳಕು ಇಲ್ಲ. ಬೆಳಕು ಬೇಕೇ?’

ಆ ಒಳಗೆ ಸಿಕ್ಕಿಕೊಂಡ ಹೆಬ್ಬೆರಳಿನ ಬಗ್ಗೆ ಒಂದು ಮಾತು ಹೇಳಬೇಕು. ಸಂಜ್ಞೆ ಎಂದರೆ ಗಾಳಿಯಲ್ಲಿ ಬಿಡಿಸುವ ಚಿತ್ರ ಎಂದು ಬಹುಕಾಲ ತಿಳಿದಿದ್ದರು. ಒಂದೊಂದು ಸಂಜ್ಞೆಯೂ ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ ಎಂಬ ಭಾಗಗಳಿಂದ, ಪದ ಧ್ವನಿಗಳಿಂದ ಆದಂತೆಯೇ, ಕೂಡಿಕೊಂಡಿದೆ ಎಂದು ಅಮೆರಿಕದ ವಿಲಿಯಂ ಸ್ಟೋಕಿ 1960ರಲ್ಲಿ ವಿವರಿಸಿದರು. ಮಕ್ಕಳು ತಪ್ಪುವುದೂ ಈ ಭಾಗಗಳಲ್ಲೇ. ಜಾಗ ಸಾಮಾನ್ಯವಾಗಿ ಸರಿಯಾಗಿರುತ್ತದೆ: ಹಣೆಯ ಸಂಜ್ಞೆ ಹಣೆಯ ಹತ್ತಿರವೇ, ಗಲ್ಲದ್ದು ಗಲ್ಲದ ಹತ್ತಿರವೇ. ಎಡವುವುದು ಬೆರಳುಗಳಲ್ಲಿ. ಮುಷ್ಟಿ, ಬಿಚ್ಚಿದ ಅಂಗೈ, ಚಾಚಿದ ತೋರುಬೆರಳು, ಇಷ್ಟೇ ಅವುಗಳ ಬಂಡವಾಳ; ಕಷ್ಟದ ಆಕಾರಗಳೆಲ್ಲ ಇವುಗಳಲ್ಲಿ ಒಂದಾಗಿ ಬರುತ್ತವೆ. ಮಣಿಕಟ್ಟಿನಲ್ಲಿ ಆಗಬೇಕಾದ ಚಲನೆ ಮೊಣಕೈಯಿಂದಲೋ ಭುಜದಿಂದಲೋ ಆಗುತ್ತದೆ. ‘ಹಕ್ಕಿ’ ಎಂದು ಬೆರಳ ತುದಿಯಲ್ಲಿ ಹೇಳಬೇಕಾದದ್ದನ್ನು ನನ್ನ ಮಗಳು ಇಡೀ ತೋಳು ಬೀಸಿ ಹೇಳುತ್ತಿದ್ದಳು. ಕಿಟಕಿಯಾಚೆ ವಿಮಾನ ಹೋದರೂ ಅದೇ ತೋಳು, ಗಾಳಿಗೆ ತೂರಿದ ಕಾಗದಕ್ಕೂ ಅದೇ. ತೊದಲುಮಾತಿಗೆ ಕಿವಿ ಒಗ್ಗಿಸಿಕೊಳ್ಳುವ ಹಾಗೆ ತೊದಲು ಕೈಗೆ ಕಣ್ಣನ್ನು ಒಗ್ಗಿಸಿಕೊಳ್ಳಬೇಕು. ನೀವು ತೋರಿಸಿದಂತೆ ಮಾಡುತ್ತಿಲ್ಲ ಎಂದು ಅದರ ಬೆರಳು ಹಿಡಿದು ತಿದ್ದುವುದು ಬೇಡ. ನೀವು ಸರಿಯಾಗಿ ಮಾಡುತ್ತಾ ಹೋಗಿ, ಸಾಕು.

ಕೇಳಬಲ್ಲ ತಾಯಿತಂದೆಯರು ಕೇಳಬಲ್ಲ ಮಕ್ಕಳಿಗೆ ಬೇಕೆಂದೇ ಸಂಜ್ಞೆ ಕಲಿಸುವ ಪದ್ಧತಿ ಹರಡಿದ್ದು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಇಬ್ಬರು ಮನಶ್ಶಾಸ್ತ್ರಜ್ಞೆಯರಿಂದ. 1980ರ ದಶಕದ ಆರಂಭದಲ್ಲಿ ಲಿಂಡಾ ಅಕ್ರಿಡೊಲೊ ತಮ್ಮ ಪುಟ್ಟ ಮಗಳು ಹೂವನ್ನು ಕಂಡಾಗಲೆಲ್ಲ ಮೂಗು ಸುಕ್ಕಿಸಿ ಮೂಸುವಂತೆ ಮಾಡುವುದನ್ನು ಗಮನಿಸಿದರು. ಹೂವಿಗೆ ಹೆಸರು ಬಾರದ ಮಗು ತಾನೇ ಒಂದು ಹೆಸರು ಮಾಡಿಕೊಂಡಿತ್ತು. ಅವರೂ ಸಹೋದ್ಯೋಗಿ ಸೂಸನ್ ಗುಡ್ವಿನ್ ಅವರೂ ಇದನ್ನು ಹಿಂಬಾಲಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. 2000ದಲ್ಲಿ ಪ್ರಕಟವಾದ ಅವರ ಲೇಖನ 103 ಮಕ್ಕಳನ್ನು ಹನ್ನೊಂದನೆಯ ತಿಂಗಳಿನಿಂದ ಗಮನಿಸಿದ್ದು. ಸಂಜ್ಞೆ ಕಲಿತ ಮಕ್ಕಳ ಮಾತು ಹಿಂದೆ ಬೀಳಲಿಲ್ಲ, ಕೆಲವು ಪರೀಕ್ಷೆಗಳಲ್ಲಿ ಉಳಿದವರಿಗಿಂತ ಮುಂದಿತ್ತು ಎಂದು ಅದು ಹೇಳಿತು. ಅಲ್ಲಿಂದಾಚೆ ಜಾಹೀರಾತಿನವರು ಹಿಡಿದದ್ದೇ ಹಾದಿ. ಕಾರ್ಡುಗಳು, ವಿಡಿಯೊಗಳು, ತರಗತಿಗಳು, ಎಲ್ಲದರ ಮೇಲೂ ಬುದ್ಧಿವಂತ ಮಗುವಿನ ಭರವಸೆ.

ನನಗೆ ಹೆಚ್ಚು ಹತ್ತಿರವೆನಿಸುವುದು 2013ರಲ್ಲಿ ‘ಚೈಲ್ಡ್ ಡೆವಲಪ್‌ಮೆಂಟ್’ ಪತ್ರಿಕೆಯಲ್ಲಿ ಬಂದ, ಇಂಗ್ಲೆಂಡಿನ ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರ ಅಧ್ಯಯನ. ನಲವತ್ತು ಮಕ್ಕಳನ್ನೂ ಅವರ ತಾಯಂದಿರನ್ನೂ ಎಂಟನೆಯ ತಿಂಗಳಿನಿಂದ ಇಪ್ಪತ್ತನೆಯ ತಿಂಗಳವರೆಗೆ ನೋಡಿದರು. ಅವರಲ್ಲಿ ಸಂಜ್ಞೆ ಕಲಿಸಲಾದ ಮಕ್ಕಳು ಸಂಜ್ಞೆಗಳನ್ನು ಮಾತಿಗಿಂತ ಮೊದಲೇ ಕಲಿತರು. ಆದರೆ ಒಟ್ಟಾರೆ ಭಾಷೆಯ ಬೆಳವಣಿಗೆಯಲ್ಲಿ ಉಳಿದ ಮಕ್ಕಳಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ಬದಲಾವಣೆ ಕಂಡದ್ದು ತಾಯಂದಿರಲ್ಲಿ. ಸಂಜ್ಞೆ ಬಳಸಿದ ತಾಯಂದಿರು ಮಗುವಿನ ಮಾತಿಲ್ಲದ ಸೂಚನೆಗಳಿಗೆ ಹೆಚ್ಚು ಸ್ಪಂದಿಸುತ್ತಿದ್ದರು, ಮಗು ತಾನಾಗಿಯೇ ಏನನ್ನಾದರೂ ಮಾಡಿ ನೋಡಲು ಹೆಚ್ಚು ಅವಕಾಶ ಕೊಡುತ್ತಿದ್ದರು.

ಇದನ್ನು ಓದಿ ‘ಹಾಗಾದರೆ ಪ್ರಯೋಜನವಿಲ್ಲ’ ಎಂದು ಬರೆದವರಿದ್ದಾರೆ. ನನಗೆ ಅದು ಅರ್ಥವಾಗುವುದಿಲ್ಲ. ಒಂದು ವರ್ಷದ ಮಗುವಿನ ಮುಖವನ್ನು ಅದರ ತಾಯಿ ಹೆಚ್ಚು ಹೊತ್ತು ನೋಡುತ್ತಾಳೆ, ಅದು ಏನು ಹೇಳುತ್ತಿದೆ ಎಂದು ಕಾಯುತ್ತಾಳೆ ಎಂದರೆ ಇನ್ನೇನು ಪ್ರಯೋಜನ ಬೇಕು? ಸಂಜ್ಞೆ ಮಾಡಬೇಕಾದರೆ ಕೈ ಖಾಲಿ ಇರಬೇಕು. ಅಷ್ಟು ಹೊತ್ತಾದರೂ ಮೊಬೈಲ್ ಕೆಳಗಿರುತ್ತದೆ. ಮಗು ನೋಡದಿದ್ದರೆ ಸಂಜ್ಞೆ ವ್ಯರ್ಥ. ಹಾಗಾಗಿ ಅದರ ಕಣ್ಣಿಗಾಗಿ ಕಾಯಲೇಬೇಕು. ಬಾಯಿಮಾತಿನಲ್ಲಿ ಈ ಕಟ್ಟುಪಾಡು ಇಲ್ಲ, ಅಡುಗೆಮನೆಯಿಂದಲೇ ಕೂಗಿ ಹೇಳಿಬಿಡಬಹುದು. ಅಮ್ಮ ಮೊಣಕಾಲು ತಟ್ಟಿ ಕಾಯುತ್ತಿದ್ದಳಲ್ಲ, ಆ ಕಾಯುವಿಕೆ ಎಲ್ಲ ಮಕ್ಕಳಿಗೂ ಸಿಗಲಿ ಎಂಬುದೇ ನನ್ನ ಆಸೆ.

ನನ್ನ ಅತ್ತೆಯವರ ಚಿಂತೆ ಬೇರೆ. “ಕೈ ತೋರಿಸಿದ ಕೂಡಲೇ ಎಲ್ಲವೂ ಸಿಗುತ್ತಿದ್ದರೆ ಅವಳು ಬಾಯಿ ಏಕೆ ಬಿಡುತ್ತಾಳಮ್ಮ?” ಎಂದು ಕೇಳಿದರು. ಕಾಳಜಿಯಿಂದಲೇ ಕೇಳಿದ್ದು.

“ಸಂಜ್ಞೆ ಮಾಡುವಾಗ ನಾನು ಬಾಯಲ್ಲೂ ಹೇಳುತ್ತೇನಲ್ಲ ಅತ್ತೆ. ಅಂಬೆಗಾಲಿಟ್ಟ ಮಕ್ಕಳು ನಡೆಯದೆ ಇರುತ್ತಾರೆಯೇ?” ಎಂದೆ.

ಆಮೇಲೆ ಅವರೇ ಒಂದು ಸಂಗತಿಯನ್ನು ಕಂಡುಹಿಡಿದರು. ಮಗಳು ‘ಅಮ್ಮ’ ಎಂದು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಲೋಟವನ್ನು ತೋರಿಸಿದಾಗ, “ನೋಡು, ಅಮ್ಮನ ಲೋಟ ಎನ್ನುತ್ತಿದ್ದಾಳೆ” ಎಂದು ಅತ್ತೆಯವರು ಹೇಳಿದರು. ಇದು ಚಿಕ್ಕ ವಿಷಯವಲ್ಲ. ಒಂದು ಪದ ಬಾಯಲ್ಲಿ, ಇನ್ನೊಂದು ಕೈಯಲ್ಲಿ ಹೀಗೆ ಕೂಡಿಸಲು ಶುರುಮಾಡಿದ ಮಕ್ಕಳು ಸ್ವಲ್ಪ ಕಾಲದ ಮೇಲೆ ಎರಡು ಪದಗಳನ್ನು ಬಾಯಲ್ಲೇ ಕೂಡಿಸುತ್ತಾರೆ. ಯಾರು ಇದನ್ನು ಬೇಗ ಮಾಡುತ್ತಾರೋ ಅವರು ಅದನ್ನೂ ಬೇಗ ಮಾಡುತ್ತಾರೆ. ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 2005ರಲ್ಲಿ ಇದನ್ನು ತೋರಿಸಿದ್ದಾರೆ. ಕೈ ಬಾಯಿಯ ದಾರಿಗೆ ಅಡ್ಡ ಬರುವುದಿಲ್ಲ, ಮುಂದೆ ಹೋಗಿ ದಾರಿ ಮಾಡಿಕೊಡುತ್ತದೆ. ನಾಲಗೆ, ತುಟಿ, ದವಡೆ, ಉಸಿರು, ಧ್ವನಿಪೆಟ್ಟಿಗೆ ಇಷ್ಟನ್ನೂ ಕಣ್ಣಿಗೆ ಕಾಣದೆಯೇ ಹೊಂದಿಸಿಕೊಂಡು ಒಂದು ಪದ ಹೊರಡಿಸುವುದಕ್ಕಿಂತ, ಎದುರಿಗೆ ಕಾಣುವ ಕೈಯನ್ನು ಆಡಿಸುವುದು ಆ ವಯಸ್ಸಿಗೆ ಸುಲಭ.

ಮಗಳಿಗೆ ಮಾತು ಬಂದಾಗ ಧಾರಾಳವಾಗಿ ಬಂತು. ಕೇಳುವವರ ಮನೆಗಳಲ್ಲಿ ಅಷ್ಟು ಹೊತ್ತಿಗೆ ಸಂಜ್ಞೆಗಳು ಒಂದೊಂದಾಗಿ ಉದುರಿಹೋಗುತ್ತವೆ, ಅದರಲ್ಲಿ ಕೆಡುಕೇನಿಲ್ಲ. ನಮ್ಮಲ್ಲಿ ಉದುರಲಿಲ್ಲ, ಎರಡೂ ಉಳಿದವು. ಯಾರ ಕಡೆ ತಿರುಗಿದ್ದಾಳೆ ಎಂಬುದರ ಮೇಲೆ ಯಾವ ಭಾಷೆ ಎಂಬುದು ಅವಳಿಗೆ ತಾನಾಗಿಯೇ ಗೊತ್ತಿತ್ತು. ಬಾಯಿಮಾತಿನಲ್ಲಿ ಮಾಡುವ ತಪ್ಪುಗಳನ್ನು ಕೈಯಲ್ಲೂ ಮಾಡಿದಳು. ಸಂಜ್ಞೆಯಲ್ಲಿ ‘ನಾನು’ ಎಂದರೆ ತನ್ನತ್ತ ಬೆರಳು, ‘ನೀನು’ ಎಂದರೆ ಎದುರಿನವರತ್ತ. ಇದರಲ್ಲಿ ತಪ್ಪಲು ಏನಿದೆ ಎನಿಸುತ್ತದೆ. ಆದರೂ ಕೆಲವು ಮಕ್ಕಳು ಸುಮಾರು ಎರಡು ವರ್ಷದ ಹೊತ್ತಿಗೆ ಇವನ್ನು ಅದಲುಬದಲು ಮಾಡುತ್ತಾರೆ ಎಂದು ಪೆಟಿಟೊ 1987ರಲ್ಲೇ ಬರೆದಿದ್ದರು. ಬೆರಳು ತೋರುವುದು ಅಲ್ಲಿಗೆ ಬರಿಯ ಸನ್ನೆಯಾಗಿ ಉಳಿದಿರುವುದಿಲ್ಲ, ಭಾಷೆಯೊಳಗಿನ ಪದವಾಗಿರುತ್ತದೆ. ಮಗಳು ಅಮ್ಮನ ಎದೆಯತ್ತ ಬೆರಳು ಮಾಡಿ ‘ನನಗೆ’ ಎಂದು ಕೇಳಿದಾಗ ನಾನು ಆ ಪುಟವನ್ನು ನೆನೆದು ಸಂತೋಷಪಟ್ಟೆ.

ಇಷ್ಟು ಬರೆದ ಮೇಲೆ ಮನಸ್ಸಿನಲ್ಲಿ ಕುಟುಕುತ್ತಿರುವುದನ್ನು ಬರೆಯದೆ ಇರಲಾರೆ. ಕೇಳಬಲ್ಲ ಮಗುವಿಗೆ ಸಂಜ್ಞೆ ಒಂದು ಸೊಗಸು. ಕಿವಿ ಕೇಳದ ಮಗುವಿಗೆ ಅದು ಅನ್ನದಷ್ಟೇ ಅಗತ್ಯ. ಕಿವಿ ಕೇಳದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಕೇಳಬಲ್ಲ ತಾಯಿತಂದೆಯರಿಗೇ ಹುಟ್ಟುತ್ತಾರೆ. ಅಂಥ ಮನೆಗಳಲ್ಲಿ ಸಂಜ್ಞೆ ಬಲ್ಲವರು ಇರುವುದಿಲ್ಲ, ಮತ್ತು ‘ಸಂಜ್ಞೆ ಕಲಿಸಬೇಡಿ, ಮಾತು ಕಲಿಯುವುದಿಲ್ಲ’ ಎಂಬ ಸಲಹೆ ಬಹುಬೇಗ ಬಂದು ತಲುಪುತ್ತದೆ. ಇದರ ಬೇರು ಹಳೆಯದು. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ, ಶಾಲೆಗಳಲ್ಲಿ ಸಂಜ್ಞೆಗಿಂತ ಬಾಯಿಮಾತಿನ ವಿಧಾನವೇ ಶ್ರೇಷ್ಠವೆಂದು ನಿರ್ಣಯ ಮಾಡಿತು. ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೇಳಬಲ್ಲವರು. ಆ ನಿರ್ಣಯಗಳನ್ನು ಅದೇ ಪರಂಪರೆಯ ಸಮ್ಮೇಳನ ಅಧಿಕೃತವಾಗಿ ತಳ್ಳಿಹಾಕಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ನಡುವಿನ ನೂರಮೂವತ್ತು ವರ್ಷಗಳಲ್ಲಿ ಎಷ್ಟು ಮಕ್ಕಳ ಕೈಗಳನ್ನು ಕಟ್ಟಿಸಿ ಕೂರಿಸಿದರೋ.

ಅಮ್ಮ ಅಂಥ ಒಂದು ಶಾಲೆಯಲ್ಲಿ ಓದಿದವಳು. ತರಗತಿಯಲ್ಲಿ ಕೈ ಆಡಿಸಿದರೆ ಬೆರಳ ಗಂಟಿನ ಮೇಲೆ ಏಟು. ಮಕ್ಕಳು ರಾತ್ರಿ ಮಲಗುವ ಕೋಣೆಯಲ್ಲಿ, ಕಿಟಕಿಯಿಂದ ಬೀಳುವ ಬೆಳಕಿನಲ್ಲಿ ಒಬ್ಬರಿಗೊಬ್ಬರು ಭಾಷೆ ಕಲಿಸಿಕೊಂಡರಂತೆ. ಕೇಳಬಲ್ಲ ಶಿಶುಗಳಿಗೆ ಸಂಜ್ಞೆಯ ತರಗತಿ ನಡೆಯುತ್ತದೆ ಎಂದು ನಾನು ಮೊದಲು ಹೇಳಿದಾಗ ಅವಳು ನಂಬಲಿಲ್ಲ. ‘ಕೇಳುವ ಮಕ್ಕಳಿಗೆ? ದುಡ್ಡು ಕೊಟ್ಟು?’ ಎಂದು ಹುಬ್ಬು ಮೇಲೆತ್ತಿ ಕೇಳಿದಳು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, ‘ಕಲಿಸುವವರು ಕಿವುಡರೇ?’ ಎಂದಳು. ಹೆಚ್ಚಿನ ಕಡೆ ಅಲ್ಲ ಎಂದು ಹೇಳಲು ನನ್ನ ಕೈ ಏಳಲಿಲ್ಲ.

ಮನೆಯಲ್ಲಿ ಶುರುಮಾಡಬೇಕೆನ್ನುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಆರರಿಂದ ಎಂಟು ತಿಂಗಳ ನಡುವೆ ಆರಂಭಿಸಬಹುದು. ಮಗು ಮರಳಿ ಮಾಡಲು ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಮೊದಲಿಗೆ ಮೂರೋ ನಾಲ್ಕೋ ಸಂಜ್ಞೆ ಸಾಕು: ಹಾಲು, ಇನ್ನೂ ಬೇಕು, ಸಾಕು. ಬರಿಯ ಬೇಡಿಕೆಯ ಪದಗಳನ್ನೇ ಆರಿಸಬೇಡಿ. ಮಗುವಿಗೆ ಬೇಕೆನಿಸುವುದಕ್ಕಿಂತ ಬೆರಗೆನಿಸುವುದು ಹೆಚ್ಚು. ನಾಯಿ, ಹಕ್ಕಿ, ದೀಪ, ಚಂದ್ರ ಇವೂ ಇರಲಿ. ಕೈಯ ಜೊತೆಗೆ ಬಾಯಲ್ಲೂ ಪದ ಹೇಳಿ. ‘ಮಾಡು, ಮಾಡಿ ತೋರಿಸು’ ಎಂದು ನೆಂಟರ ಮುಂದೆ ಪರೀಕ್ಷೆ ಇಡಬೇಡಿ, ಹಾಲನ್ನು ಕೈಯಲ್ಲಿ ಹಿಡಿದುಕೊಂಡು ಸಂಜ್ಞೆ ಮಾಡಿದರೆ ಮಾತ್ರ ಕೊಡುತ್ತೇನೆ ಎಂದು ಸತಾಯಿಸಲಂತೂ ಬೇಡಿ. ಮಗು ತಾನೇ ಒಂದು ಸಂಜ್ಞೆ ಕಟ್ಟಿಕೊಂಡರೆ ಅದನ್ನೇ ನೀವೂ ಬಳಸಿ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಹನ್ನೆರಡು ತಿಂಗಳಾದರೂ ಮಗು ತೊದಲುತ್ತಿಲ್ಲ, ಬೆರಳು ತೋರುತ್ತಿಲ್ಲ, ಕೈಬೀಸಿ ಟಾಟಾ ಮಾಡುತ್ತಿಲ್ಲ ಎಂದರೆ, ಹದಿನಾರು ತಿಂಗಳಿಗೂ ಒಂದು ಪದ ಇಲ್ಲ ಎಂದರೆ, ‘ಕೆಲವು ಮಕ್ಕಳು ನಿಧಾನ’ ಎಂದು ಯಾರು ಹೇಳಿದರೂ ಕಾಯಬೇಡಿ. ವೈದ್ಯರ ಬಳಿ ಹೋಗಿ, ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಹುಟ್ಟಿದ ಕೆಲವೇ ದಿನಗಳಲ್ಲಿ, ಮಗು ನಿದ್ದೆಯಲ್ಲಿರುವಾಗಲೇ ಮಾಡಬಹುದಾದ ಪರೀಕ್ಷೆ ಅದು. ಕಿವಿ ಮಂದವೆಂದು ತಿಳಿದುಬಂದರೆ ಶ್ರವಣಯಂತ್ರವೋ ಶಸ್ತ್ರಚಿಕಿತ್ಸೆಯೋ, ವೈದ್ಯರು ಹೇಳಿದ್ದನ್ನು ಮಾಡಿ; ಅದರ ಜೊತೆಗೆ ಅದೇ ವಾರದಿಂದ ಸಂಜ್ಞೆಯನ್ನೂ ಶುರುಮಾಡಿ. ಒಂದನ್ನು ಆರಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗಿಲ್ಲ. ಯಂತ್ರ ಫಲಿಸುತ್ತದೆಯೇ ಎಂದು ಕಾಯುವ ತಿಂಗಳುಗಳಲ್ಲೂ ಮಗುವಿಗೆ ಭಾಷೆ ಬೇಕು.

ಕಲಿಯುವುದನ್ನು ಸಾಧ್ಯವಾದಷ್ಟೂ ಕಿವುಡರೊಬ್ಬರಿಂದಲೇ ಕಲಿಯಿರಿ, ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಟ್ಟು. ಗೋಡೆಗೆ ಅಂಟಿಸುವ ಪಟಗಳಲ್ಲಿ ಕೈಯ ಆಕಾರವಷ್ಟೇ ಇರುತ್ತದೆ. ಪ್ರಶ್ನೆ ಕೇಳುವಾಗ ಹುಬ್ಬು ಎಲ್ಲಿ ಹೋಗಬೇಕು, ಮಗು ಬೇರೆಡೆ ನೋಡುವಾಗ ಕೈಯನ್ನು ಎಲ್ಲಿ ಹಿಡಿದು ಕಾಯಬೇಕು ಎಂಬುದನ್ನು ಅವರು ಎದುರು ಕುಳಿತೇ ತೋರಿಸಬೇಕು. ನಮ್ಮ ಕಡೆಯ ಎರಡು ಮನೆಗಳ ಮಕ್ಕಳಿಗೆ ಈಗ ಅಮ್ಮ ವಾರಕ್ಕೊಮ್ಮೆ ಕಲಿಸುತ್ತಿದ್ದಾಳೆ. ಒಂದು ಮಗುವಿಗೆ ಕೇಳಿಸುತ್ತದೆ, ಇನ್ನೊಂದಕ್ಕೆ ಕೇಳಿಸುವುದಿಲ್ಲ. ಪಾಠದ ಮೊದಲ ಭಾಗ ತಾಯಿತಂದೆಯರಿಗೆ. ಮೊಣಕಾಲು ತಟ್ಟಿ ಸುಮ್ಮನೆ ಕಾಯುವುದನ್ನು ಅವಳು ಅವರಿಗೆ ಮತ್ತೆ ಮತ್ತೆ ಮಾಡಿಸುತ್ತಾಳೆ.